ಬಾರದವರನ್ನು ಎಣಿಸುವ ಸಭೆ

(ಕ್ರೈಸ್ತ ಸಭೆಗಳ ಹಿರಿಯರ ಒಂದು ದಿನದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿವರಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಕರ್ತರಲ್ಲಿ ಪ್ರಿಯರಾದ ಹಿರಿಯರೇ, ತಾಯಂದಿರೇ,

ನಾನು ಪಾಲಕನಾಗಿ ಹೋದ ಮೊದಲ ಸಭೆಯಲ್ಲಿ ಗಂಟೆ ಹೊಡೆಯುವ ಕೆಲಸ ಒಬ್ಬ ವಯಸ್ಸಾದವರದ್ದಾಗಿತ್ತು. ಆರಾಧನೆ ಶುರುವಾದರೂ ಅವರು ತಕ್ಷಣ ಒಳಗೆ ಬರುತ್ತಿರಲಿಲ್ಲ. ಮೊದಲನೇ ಹಾಡು ಮುಗಿಯುವ ತನಕ ಬಾಗಿಲ ಹೊರಗೆ ನಿಂತು, ಮೆಟ್ಟಿಲ ಬದಿಯಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡುತ್ತಿದ್ದರು. ಯಾರಾದರೂ ಕದ್ದಾರೆಂದು ಕಾಯುತ್ತಿದ್ದಾರೆ ಅಂತ ನಾನು ತಿಳಿದಿದ್ದೆ. ಒಂದು ಭಾನುವಾರ ಎಲ್ಲರೂ ಹೋದ ಮೇಲೆ ನನ್ನ ಹತ್ತಿರ ಬಂದು, "ಅಯ್ಯನವರೇ, ಪಿನ್ನು ಹಾಕಿದ ಚಪ್ಪಲಿ ಬಂದು ಮೂರು ವಾರ ಆಯ್ತು" ಅಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರೇ ಬಿಡಿಸಿ ಹೇಳಿದರು. ಒಬ್ಬ ಅಜ್ಜಿಯ ಹವಾಯಿ ಚಪ್ಪಲಿಯ ಪಟ್ಟಿ ಕಿತ್ತುಬರದ ಹಾಗೆ ಅಡಿಯಲ್ಲಿ ಸೇಫ್ಟಿ ಪಿನ್ನು ಸಿಕ್ಕಿಸಿತ್ತು. ಆ ಜೋಡಿ ಯಾವಾಗಲೂ ಎಡಗಡೆಯ ಮೂಲೆಯಲ್ಲಿ, ಗೋಡೆಗೆ ತಾಗಿ ಇರುತ್ತಿತ್ತು. ಮೂರು ವಾರದಿಂದ ಆ ಮೂಲೆ ಖಾಲಿ.

ಸಂಜೆ ಇಬ್ಬರೂ ಹೋದೆವು. ಅಜ್ಜಿಗೆ ಜ್ವರವಿರಲಿಲ್ಲ, ಏನೂ ಇರಲಿಲ್ಲ. ಒಲೆ ಮುಂದೆ ಕೂತು ಹುರುಳಿ ಆರಿಸುತ್ತಿದ್ದರು. ಬಹಳ ಹೊತ್ತು ಬೇರೆ ಮಾತಾಡಿದ ಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದರು: "ಅರವತ್ತು ರೂಪಾಯಿ ಚಂದಾ ಬಾಕಿ ಅಂತ ಎಲ್ಲರ ಮುಂದೆ ನನ್ನ ಹೆಸರು ಓದಿದ್ರಲ್ಲ ಅಯ್ಯಾ. ಕೊಡದೆ ಹೆಂಗೆ ಬಂದು ಕೂತ್ಕೊಳ್ಳಲಿ?"

ಆ ಪಟ್ಟಿ ಓದಿದ್ದು ನಾನೇ. ಖಜಾಂಚಿ ಬರೆದುಕೊಟ್ಟಿದ್ದರು, ಪ್ರಕಟಣೆಗಳ ಜೊತೆಯಲ್ಲಿ ಓದಿಬಿಟ್ಟಿದ್ದೆ. ಆಮೇಲೆ ಮನೆಗೆ ಬಂದು ಹಾಜರಿ ಪುಸ್ತಕ ತೆಗೆದು ನೋಡಿದೆ. ಆ ಮೂರು ವಾರ ನಮ್ಮ ಸಂಖ್ಯೆ ಏರಿತ್ತು. ಮದುವೆಯ ತಿಂಗಳು, ನೆಂಟರಿಷ್ಟರು ಬಂದಿದ್ದರು. ಮೇಲಿನವರಿಗೆ ಕಳಿಸುವ ವರದಿಯಲ್ಲಿ "ಸಭೆ ಬೆಳೆಯುತ್ತಿದೆ" ಎಂದು ಬರೆದಿದ್ದೆ. ಬಂದವರನ್ನು ಎಣಿಸಿದ್ದು ನಾನು, ಬಾರದವರನ್ನು ಎಣಿಸಿದ್ದು ಗಂಟೆ ಹೊಡೆಯುವವರು. ಸಭೆಯ ಪಾಲಕನ ಕೆಲಸವನ್ನು ನಿಜವಾಗಿ ಮಾಡಿದವರು ಅವರು.

ಇವತ್ತು ನನಗೆ ಕೊಟ್ಟ ವಿಷಯ, "ಸಭೆ ಆರೋಗ್ಯವಾಗಿ ಬೆಳೆಯಲು ಏನು ಬೇಕು" ಎಂಬುದು. ಈ ವಿಷಯದ ಮೇಲೆ ಎಷ್ಟೋ ಕೂಟಗಳು ನಡೆದಿವೆ. ಹೊಸ ಹಾಡು, ಒಳ್ಳೆಯ ಮೈಕು, ಯುವಕರಿಗೊಂದು ಕೀಬೋರ್ಡು, ಮೂರು ದಿನದ ಉಜ್ಜೀವನ ಕೂಟ, ಹೀಗೆ ಒಂದಿಷ್ಟು ದಾರಿಗಳನ್ನು ಹೇಳಿ ಕಳಿಸುತ್ತಾರೆ. ಅವೆಲ್ಲ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಬೆಳೆಯುವುದು ಬೇರೆ, ಊದಿಕೊಳ್ಳುವುದು ಬೇರೆ. ಕಾಲಿಗೆ ಬಾವು ಬಂದರೂ ಕಾಲು ದಪ್ಪವಾಗುತ್ತದೆ. ಪಕ್ಕದ ಊರಿನ ಸಭೆಯಲ್ಲಿ ಜಗಳವಾಗಿ ಇಪ್ಪತ್ತು ಮನೆಯವರು ನಮ್ಮಲ್ಲಿಗೆ ಬಂದರೆ ನಮ್ಮ ಹಾಜರಿ ಹೆಚ್ಚುತ್ತದೆ, ನಿಜ. ಒಂದು ಹಟ್ಟಿಯ ಕುರಿ ಇನ್ನೊಂದು ಹಟ್ಟಿಗೆ ಹೋದರೆ ಕುರುಬನ ಮಂದೆ ದೊಡ್ಡದಾಯಿತು ಅನ್ನುತ್ತೀರಾ? ಅವರು ಯಾಕೆ ಬಂದರು, ಅಲ್ಲಿ ಏನು ನೋವಾಯಿತು ಎಂದು ಕೇಳದೆ ಖುರ್ಚಿ ಹಾಕಿಬಿಟ್ಟರೆ, ಆ ನೋವನ್ನು ನಾಳೆ ಅವರು ಇಲ್ಲಿಯೂ ಹರಡುತ್ತಾರೆ.

ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯವನ್ನು ಒಮ್ಮೆ ತೆರೆಯಿರಿ. ನಾವೆಲ್ಲ ಎರಡನೇ ಅಧ್ಯಾಯವನ್ನೇ ಹೆಚ್ಚು ಓದುತ್ತೇವೆ. ಒಂದೇ ದಿನ ಸುಮಾರು ಮೂರು ಸಾವಿರ ಮಂದಿ ಸೇರಿದ ಸಂಗತಿ ಅಲ್ಲಿದೆ, ಕೇಳಲು ಇಂಪು. ನಾಲ್ಕನೇ ಅಧ್ಯಾಯದಲ್ಲಿ ಗಂಡಸರೇ ಸುಮಾರು ಐದು ಸಾವಿರ ಎನ್ನುತ್ತಾನೆ ಆ ಪುಸ್ತಕ ಬರೆದ ಲೂಕ. ಅಷ್ಟು ಖಚಿತವಾಗಿ ಎಣಿಸಿ ಹೇಳುವುದನ್ನು ಅವನು ಅಲ್ಲಿಗೆ ಬಿಟ್ಟುಬಿಡುತ್ತಾನೆ. ಆರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅವನ ಕಣ್ಣು ತಲೆಯೆಣಿಕೆಯ ಮೇಲಿಲ್ಲ, ಊಟದ ಪಂಕ್ತಿಯ ಮೇಲಿದೆ. ಶಿಷ್ಯರು ಹೆಚ್ಚಾಗುತ್ತಿದ್ದ ಆ ದಿನಗಳಲ್ಲೇ ಒಂದು ಗುಣುಗುಟ್ಟುವಿಕೆ ಹುಟ್ಟಿತು. ಗ್ರೀಕ್ ಮಾತಾಡುವವರ ಕಡೆಯ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಪಾಲು ಸಿಗುತ್ತಿರಲಿಲ್ಲ. ಇಬ್ರಿಯ ಮಾತಿನ ಸ್ಥಳೀಯರ ಕಡೆಯವರಿಗೆ ಸಿಗುತ್ತಿತ್ತು. ಬೇಕೆಂದೇ ಹಾಗೆ ಮಾಡಿದರೆಂದು ಲೂಕ ಬರೆದಿಲ್ಲ. ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ನಾನು ಅಜ್ಜಿಯ ಹೆಸರು ಓದಿದ್ದೂ ಬೇಕೆಂದಲ್ಲ.

ಆಗ ಅಪೊಸ್ತಲರು ಏನು ಮಾಡಿದರು ನೋಡಿ. ಗುಣುಗುಟ್ಟಿದವರನ್ನು ಗದರಿಸಲಿಲ್ಲ. "ಪ್ರಾರ್ಥನೆ ಕಡಿಮೆಯಾಗಿದೆ, ಅದಕ್ಕೇ ಈ ಮಾತು" ಎನ್ನಲಿಲ್ಲ. "ನಾವೇ ನೋಡಿಕೊಳ್ಳುತ್ತೇವೆ, ಸುಮ್ಮನಿರಿ" ಎನ್ನಲಿಲ್ಲ. ಇಡೀ ಸಭೆಯನ್ನು ಕರೆದು, ನಿಮ್ಮೊಳಗಿಂದ ಏಳು ಮಂದಿಯನ್ನು ನೀವೇ ಆರಿಸಿ ಎಂದರು. ಸಭೆ ಆರಿಸಿದವರ ಹೆಸರು ಗಟ್ಟಿಯಾಗಿ ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಏಳನೆಯವನು ಹುಟ್ಟಿನಿಂದ ಯೆಹೂದ್ಯನೂ ಅಲ್ಲ, ಹೊರಗಿನಿಂದ ಬಂದು ಸೇರಿದವನು. ನಮ್ಮ ಕಮಿಟಿಗಳಲ್ಲಾದರೆ ಈ ಕಡೆಯವರು ನಾಲ್ಕು, ಆ ಕಡೆಯವರು ಮೂರು ಎಂದು ಪಾಲು ಮಾಡುತ್ತಿದ್ದೆವು. ಅವರು ದೂರು ಹೇಳಿದವರ ಕೈಗೇ ಉಗ್ರಾಣದ ಬೀಗದ ಕೈ ಕೊಟ್ಟುಬಿಟ್ಟರು.

ಏಳನೇ ವಚನ ಬರುವುದು ಇದಾದ ಮೇಲೆ: ದೇವರ ವಾಕ್ಯ ಹಬ್ಬಿತು, ಶಿಷ್ಯರ ಸಂಖ್ಯೆ ಯೆರೂಸಲೇಮಿನಲ್ಲಿ ಬಹಳ ಹೆಚ್ಚಿತು, ಯಾಜಕರಲ್ಲಿಯೂ ಅನೇಕರು ಸೇರಿದರು. ಒಂದನೇ ವಚನದಲ್ಲಿ ಬೆಳವಣಿಗೆ, ಏಳನೇ ವಚನದಲ್ಲಿ ಇನ್ನೂ ದೊಡ್ಡ ಬೆಳವಣಿಗೆ. ನಡುವೆ ಇರುವುದು ಒಂದು ದೂರು, ಆ ದೂರನ್ನು ಕಿವಿಗೊಟ್ಟು ಕೇಳಿದ ಸಭೆ. ಆರೋಗ್ಯದ ಬೆಳವಣಿಗೆಯ ಬಗ್ಗೆ ನಾನು ಹೇಳಬೇಕಾದದ್ದು ಇದೇ. ಪಂಕ್ತಿಯಲ್ಲಿ ಎಲೆ ಬೀಳದವರ ದನಿ ಯಾವ ಸಭೆಯಲ್ಲಿ ಮುಂದಿನ ಬೆಂಚಿನ ತನಕ ಬಂದು ತಲುಪುತ್ತದೋ ಆ ಸಭೆ ಬೆಳೆಯುತ್ತದೆ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿಗೇ ಕೊಡುವ ಉದಾಹರಣೆ.

ಇನ್ನೊಂದು ಬೀಗದ ಕೈಯ ಸಂಗತಿ ಹೇಳುತ್ತೇನೆ, ಅದು ನಿಜವಾದ ಬೀಗದ ಕೈಯೇ. ಎರಡನೇ ಸಭೆಗೆ ವರ್ಗವಾಗಿ ಹೋದಾಗ ನನಗೆ ಹುರುಪು ಬಹಳ. ದೇವಾಲಯ ತೆರೆಯುವವನು ನಾನು, ದೀಪ ಹಚ್ಚುವವನು ನಾನು, ವಾಕ್ಯ ಓದುವುದು, ಹಾಡು ಎತ್ತುವುದು, ಕಾಣಿಕೆ ಎಣಿಸುವುದು, ರೋಗಿಗಳನ್ನು ನೋಡಿ ಬರುವುದು ಎಲ್ಲವೂ ನಾನೇ. ಜನ ಮೆಚ್ಚಿಕೊಂಡರು. ಎರಡನೇ ವರ್ಷ ನನಗೆ ಕಾಮಾಲೆ ಬಂತು. ಶನಿವಾರ ರಾತ್ರಿ ನನ್ನನ್ನು ಪಟ್ಟಣದ ಆಸ್ಪತ್ರೆಗೆ ಒಯ್ದರು. ಭಾನುವಾರ ಬೆಳಿಗ್ಗೆ ಸಭೆಯವರು ಬಂದು ಬೀಗ ಹಾಕಿದ ಬಾಗಿಲ ಮುಂದೆ ಅರ್ಧ ಗಂಟೆ ನಿಂತು ಮನೆಗೆ ಹೋದರಂತೆ. ಬೀಗದ ಕೈ ನನ್ನ ಅಂಗಿಯ ಜೇಬಿನಲ್ಲಿತ್ತು.

ಮುಂದಿನ ವಾರ ಶಾಲೆಯ ಟೀಚರಮ್ಮ ಒಬ್ಬರು ಆಸ್ಪತ್ರೆಗೇ ಬಂದು ಬೀಗದ ಕೈ ಕೇಳಿ ತೆಗೆದುಕೊಂಡು ಹೋದರು. ಅವರು ವಾಕ್ಯ ಓದಿದರು. ಬಾಯಿ ಬಿಟ್ಟು ಪ್ರಾರ್ಥಿಸಿದ್ದನ್ನು ನಾನು ಎಂದೂ ಕೇಳದಿದ್ದ ಒಬ್ಬ ಗಾರೆ ಕೆಲಸದವರು ಪ್ರಾರ್ಥನೆ ಮಾಡಿದರು. ಆರು ವಾರ ಕಳೆದು ನಾನು ಹಳದಿ ಕಣ್ಣು ಬಿಳಿಯಾಗಿ ಬಂದಾಗ, ಆರಾಧನೆ ನಡೆಸಬಲ್ಲವರು ಆ ಸಭೆಯಲ್ಲಿ ಐದಾರು ಮಂದಿ ಇದ್ದರು. ನಾನು ಎರಡು ವರ್ಷ ಗಟ್ಟಿಮುಟ್ಟಾಗಿದ್ದು ಮಾಡಲಾಗದ್ದು ಆರು ವಾರ ಮಲಗಿದ್ದರಿಂದ ಆಯಿತು. ಎಫೆಸದವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದಲ್ಲಿ ಪೌಲನು ಹೇಳುವುದೂ ಇದನ್ನೇ. ಸಭೆಗೆ ಪಾಲಕರನ್ನೂ ಬೋಧಕರನ್ನೂ ಕೊಟ್ಟಿರುವುದು ಅವರೇ ಎಲ್ಲ ಕೆಲಸ ಮಾಡಲಿ ಎಂದಲ್ಲ, ದೇವಜನರನ್ನು ಸೇವೆಗೆ ಸಿದ್ಧಮಾಡಲಿ ಎಂದು. ಆ ಟೀಚರಮ್ಮನಂಥವರು ನಮ್ಮ ನಾಡಿನ ಸಭೆಗಳಿಗೆ ಹೊಸಬರೇನಲ್ಲ. ಮಿಷನರಿಗಳ ಕಾಲದಲ್ಲಿ ಬೈಬಲ್ ಸ್ತ್ರೀಯರು ಎಂದು ಕರೆಸಿಕೊಂಡವರು ಮನೆ ಮನೆಗೆ ನಡೆದು ಹೋಗಿ, ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೆಂಗಸರಿಗೆ ಅಕ್ಷರವನ್ನೂ ವಾಕ್ಯವನ್ನೂ ಕಲಿಸಿದರು. ದಕ್ಷಿಣ ಭಾರತ ಸಭೆಯಲ್ಲಿ ಮೊದಲ ಬಾರಿಗೆ ಒಬ್ಬ ಮಹಿಳೆ, ಪುಷ್ಪಲಲಿತಾ ಅವರು, ನಂದ್ಯಾಲದ ಬಿಷಪ್ ಆದದ್ದು 2013ರಲ್ಲಿ. ಆ ಹೊಸ್ತಿಲಿಂದ ಈ ಪೀಠಕ್ಕೆ ಬರಲು ನಾವು ತೆಗೆದುಕೊಂಡ ಕಾಲ ಬಹಳವಾಯಿತು.

ಈಗ ನಮ್ಮ ಕರಾವಳಿಯ ಕಥೆಗೆ ಬರೋಣ. 1834ರಲ್ಲಿ ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕೆಲಸ ಆರಂಭಿಸಿದರು. ದೀಕ್ಷಾಸ್ನಾನ ತೆಗೆದುಕೊಂಡವರಿಗೆ ಮರುದಿನ ಬೆಳಿಗ್ಗೆಯೇ ಬದುಕಿನ ಪ್ರಶ್ನೆ ಎದುರಾಗುತ್ತಿತ್ತು. ಮನೆಯಿಂದ ಹೊರಗೆ, ಜಾತಿಯಿಂದ ಹೊರಗೆ, ಗೇಣಿ ಭೂಮಿಯಿಂದಲೂ ಹೊರಗೆ. ಸೇಂದಿ ಇಳಿಸುತ್ತಿದ್ದವರು ಆ ಕಸುಬನ್ನೂ ಬಿಡಬೇಕಿತ್ತು. ಹೊಟ್ಟೆಗೆ ಏನು ಮಾಡುವುದು? ಈ ಗೋಳು ಮಿಷನ್ನಿನ ಕಿವಿಗೆ ಬಿತ್ತು. 1851ರಲ್ಲಿ ಹಾಲರ್ ಮಂಗಳೂರಿಗೆ ಬಂದ ಮೇಲೆ ನೇಯ್ಗೆ ಕೆಲಸ ಗಟ್ಟಿಯಾಯಿತು. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣು ಸುಟ್ಟು ಹಂಚಾಯಿತು. ಇವತ್ತಿಗೂ ಹಳೆಯ ಮನೆ ಇಳಿಸುವಾಗ ಹಂಚು ತಿರುಗಿಸಿ ನೋಡಿ, ಮಿಷನ್ನಿನ ಹೆಸರು ಅಚ್ಚೊತ್ತಿರುತ್ತದೆ. ಆ ಅಕ್ಷರದ ಮೇಲೆ ಬೆರಳಾಡಿಸಿದಾಗಲೆಲ್ಲ ನನಗೆ ಯೆರೂಸಲೇಮಿನ ಆ ವಿಧವೆಯರ ನೆನಪಾಗುತ್ತದೆ. ಎಲೆ ಬೀಳದವರಿಗೆ ಎಲೆ ಹಾಕಿಸಿದ ಕೆಲಸ ಅದು. ಅದನ್ನು ಹಗುರವಾಗಿ ಮಾತಾಡುವವರು ಹಸಿವನ್ನು ಕಂಡವರಲ್ಲ.

ಆದರೂ ಆ ಏರ್ಪಾಡಿನೊಳಗೆ ಒಂದು ತೊಡಕಿತ್ತು, ಅದನ್ನೂ ಹೇಳಬೇಕು. ಕೂಲಿ ಕೊಡುವ ಕೈಯೂ ಪ್ರಸಂಗ ಮಾಡುವ ಬಾಯಿಯೂ ಒಂದೇ ಸಂಸ್ಥೆಯದಾದರೆ, ಗುಣುಗುಟ್ಟುವ ಧೈರ್ಯ ಯಾರಿಗಿರುತ್ತದೆ? ಶನಿವಾರ ಬಟವಾಡೆ ಮಾಡಿದವರ ಮುಂದೆ ಭಾನುವಾರ ತಕರಾರು ಎತ್ತುವುದು ಸುಲಭವಲ್ಲ. "ಹೊಟ್ಟೆಪಾಡಿಗೆ ಸೇರಿದವರು" ಎಂಬ ಮಾತನ್ನೂ ನಮ್ಮ ಹಿರಿಯರು ಊರವರಿಂದ ಕೇಳಬೇಕಾಯಿತು. 1914ರ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ದೇಶದಿಂದಲೇ ಕಳಿಸಿತು. ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಹೊರಗಿನಿಂದ ಬರುತ್ತಿದ್ದ ಹಣವೂ ಆಳೂ ನಿಂತವು. ಸಭೆಗಳನ್ನು ನಡೆಸಿಕೊಂಡು ಬಂದವರು ನಮ್ಮ ಊರಿನ ಉಪದೇಶಿಗಳು, ಶಾಲೆಯ ಮೇಷ್ಟರುಗಳು, ಸಭಾಹಿರಿಯರು. ನನಗಾದ ಕಾಮಾಲೆಯ ಪಾಠ ಅವರಿಗೆ ಅಷ್ಟು ದೊಡ್ಡ ಪ್ರಮಾಣದಲ್ಲಿ ಆಯಿತು. ನಿಮ್ಮಲ್ಲಿ ಹಲವರ ಮುತ್ತಾತಂದಿರು ಆ ಸಾಲಿನಲ್ಲಿ ಇದ್ದವರೇ.

ಆ ಮಿಷನರಿಗಳಿಂದ ನಾವು ಕಲಿಯಬೇಕಾದ ಇನ್ನೊಂದು ಸಂಗತಿ ಭಾಷೆಯದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಕೈಗೆ ಬಂದದ್ದು 1831ರಲ್ಲಿ. ಇಪ್ಪತ್ತೊಂದು ವರ್ಷ! ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ಹೊರಡಿಸುವ ಹೊತ್ತಿಗೆ ಊರಿನ ಮಾತು ಅವರ ನಾಲಿಗೆಯ ಮೇಲಿತ್ತು. ಕಿಟ್ಟೆಲ್ ನಿಘಂಟು 1894ರಲ್ಲಿ ಹೊರಬಂತು. ಅದರ ಹಿಂದೆ ದಶಕಗಳ ಕಾಲ ಜನರ ಮುಂದೆ ಕೂತು "ಇದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ" ಎಂದು ಕೇಳಿದ ತಾಳ್ಮೆ ಇದೆ. ವರ್ಷದೊಳಗೆ ಫಲ ತೋರಿಸಿ ಎಂದು ಕೇಳುವ ಇಂದಿನ ಯೋಜನೆಗಳು ಹ್ಯಾಂಡ್ಸ್ ಅವರನ್ನು ಎರಡನೇ ವರ್ಷಕ್ಕೇ ವಾಪಸು ಕರೆಸುತ್ತಿದ್ದವು.

ಈಗ ನಮ್ಮ ಪಟ್ಟಣದ ಸಭೆಗಳಲ್ಲಿ ಏನಾಗುತ್ತಿದೆ? ಎಂಟಕ್ಕೆ ಇಂಗ್ಲಿಷ್ ಆರಾಧನೆ, ಹತ್ತಕ್ಕೆ ಕನ್ನಡ ಆರಾಧನೆ. ಮೊಮ್ಮಗಳು ಹೊರಗೆ ಬರುವಾಗ ಅಜ್ಜಿ ಒಳಗೆ ಹೋಗುತ್ತಾರೆ. ಮೆಟ್ಟಿಲ ಮೇಲೆ ಭೇಟಿ. ಎರಡೂ ಆರಾಧನೆಗೆ ಜನ ತುಂಬಿರುತ್ತಾರೆ, ಆದ್ದರಿಂದ ಎಲ್ಲ ಸರಿಯಾಗಿದೆ ಅನಿಸುತ್ತದೆ. ಆದರೆ ಒಂದು ಮನೆಯವರೇ ಒಂದೇ ರೊಟ್ಟಿಯಲ್ಲಿ ಪಾಲುಗೊಳ್ಳದೆ ಹತ್ತು ವರ್ಷ ಕಳೆದರೆ ಅದು ಒಂದು ಸಭೆಯೋ ಎರಡೋ? ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಅವರನ್ನು ಇಂಗ್ಲಿಷ್ ಶಾಲೆಗೆ ಸೇರಿಸಿದವರು ನಾವೇ. ನಾನು ಸೇವೆಯ ಕಡೆಗಾಲದಲ್ಲಿ ಇದ್ದ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಎರಡನ್ನೂ ಕೂಡಿಸಿದೆವು. ವಾಕ್ಯವನ್ನು ಮಕ್ಕಳು ಕನ್ನಡದಲ್ಲಿ ಓದಬೇಕು. ಹಿಂದಿನ ದಿನ ಸಂಜೆ ಅಜ್ಜಿಯೋ ತಾತನೋ ಕೂತು ಓದಿಸಬೇಕು. ಒಬ್ಬ ಹುಡುಗ "ವಿಧೇಯ" ಎಂಬ ಪದವನ್ನು ಮೂರು ಸಲ ತಡವರಿಸಿದ, ಹಿಂದಿನಿಂದ ಅವನ ತಾತನ ದನಿ ಮೆಲ್ಲಗೆ ಹೇಳಿಕೊಟ್ಟಿತು. ಅವತ್ತು ನನ್ನ ಪ್ರಸಂಗ ಯಾರಿಗೂ ನೆನಪಿಲ್ಲ, ಆ ದನಿ ಎಲ್ಲರಿಗೂ ನೆನಪಿದೆ.

ದುಡ್ಡಿನ ವಿಷಯ. ನಮ್ಮ ಸಭೆಗಳು ಸೊರಗುವುದು ಅವಿಶ್ವಾಸಕ್ಕಿಂತ ಹೆಚ್ಚಾಗಿ ಲೆಕ್ಕದಿಂದ. ಸುಗ್ಗಿ ಹಬ್ಬದ ಹರಾಜು ನೀವೆಲ್ಲ ನೋಡಿದ್ದೀರಿ. ಒಂದು ಕುಂಬಳಕಾಯಿ, ಒಂದು ನಾಟಿ ಕೋಳಿ, ಬೆಲ್ಲದ ಅಚ್ಚು, ಪುಟ್ಟಿಯಲ್ಲಿ ಹತ್ತು ಮೊಟ್ಟೆ. ಅನುಕೂಲಸ್ಥರು ಒಂದು ಮೊಟ್ಟೆಗೆ ಸಾವಿರ ಕೂಗಿದಾಗ ಚಪ್ಪಾಳೆ. ಆ ಮೊಟ್ಟೆ ತಂದುಕೊಟ್ಟ ಹೆಂಗಸು ಮೂಲೆಯಲ್ಲಿ ಸೆರಗು ಹಿಡಿದು ನಿಂತಿರುತ್ತಾಳೆ, ಆಕೆಯ ಹೆಸರು ಯಾರೂ ಕೂಗುವುದಿಲ್ಲ. ಹರಾಜು ನಿಲ್ಲಿಸಿ ಎನ್ನುತ್ತಿಲ್ಲ, ಅದರಲ್ಲಿ ಸಂತೋಷವಿದೆ. ತಂದವರ ಹೆಸರನ್ನು ಮೊದಲು ಹೇಳಿ, ಕೊಂಡವರದ್ದು ಆಮೇಲೆ.

ಮಿಜೋರಾಮಿನ ಸಭೆಗಳಲ್ಲಿ ಹೆಂಗಸರು 1910ರ ಸುಮಾರಿನಲ್ಲಿ ಒಂದು ರೂಢಿ ಆರಂಭಿಸಿದರು, ಅವರ ಮಾತಿನಲ್ಲಿ ಬುಹ್‌ಫಾಯ್ ಥಾಮ್. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುವುದು. ವಾರಕ್ಕೊಮ್ಮೆ ಅದನ್ನೆಲ್ಲ ಕೂಡಿಸಿ ಮಾರಿ ಸೇವೆಗೆ ಕೊಡುವುದು. ಬಡ ಬೆಟ್ಟನಾಡಿನ ಸಭೆಗಳು ಆ ಹಿಡಿಯಕ್ಕಿಯ ಬಲದಿಂದ ತಮ್ಮ ಸೇವಕರನ್ನು ದೂರದೂರಿಗೆ ಕಳಿಸಿದವು. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದೇ ಸಂಗತಿ: ಎಲ್ಲರ ಮನೆಯ ಹಿಡಿಯೂ ಒಂದೇ ಅಳತೆ. ಗಡಿಗೆಗೆ ಬಿದ್ದ ಮೇಲೆ ಯಾರ ಅಕ್ಕಿ ಯಾವುದೆಂದು ಗೊತ್ತಾಗುವುದಿಲ್ಲ. ಅರವತ್ತು ರೂಪಾಯಿ ಬಾಕಿಯ ಆ ಅಜ್ಜಿ ಅಲ್ಲಿದ್ದಿದ್ದರೆ ಮೂರು ವಾರ ಮನೆಯಲ್ಲಿ ಕೂರುತ್ತಿರಲಿಲ್ಲ. ನಾನು ಬಾಕಿ ಪಟ್ಟಿ ಓದುವುದನ್ನು ಅವತ್ತಿಗೇ ಬಿಟ್ಟೆ. ಅದರ ಬದಲು ಪ್ರತಿ ತಿಂಗಳು ಸಭೆಯ ಖರ್ಚುವೆಚ್ಚದ ಪಟ್ಟಿ ಓದಿಸತೊಡಗಿದೆ: ಸುಣ್ಣಕ್ಕೆ ಎಷ್ಟು, ಕರೆಂಟು ಬಿಲ್ಲಿಗೆ ಎಷ್ಟು, ಯಾರ ಮಗಳ ಶಾಲೆಗೆ ಎಂದು ಹೆಸರು ಹೇಳದೆ ಎಷ್ಟು. ಮೊದಲು ಖಜಾಂಚಿಗೆ ಮುಜುಗರವಾಯಿತು. ವರ್ಷದ ಕೊನೆಗೆ ಅವರೇ ಎಲ್ಲರಿಗಿಂತ ನಿಶ್ಚಿಂತರಾಗಿದ್ದರು, ಯಾಕೆಂದರೆ ಅವರ ಬೆನ್ನ ಹಿಂದೆ ಮಾತಾಡಲು ಏನೂ ಉಳಿದಿರಲಿಲ್ಲ.

ಲೆಕ್ಕ ಮುಚ್ಚಿಟ್ಟ ಕಡೆ ಚುನಾವಣೆ ಜಗಳವಾಗುತ್ತದೆ, ಜಗಳ ಕೋರ್ಟಿನ ಮೆಟ್ಟಿಲೇರುತ್ತದೆ, ಕಾಣಿಕೆಯ ದುಡ್ಡು ವಕೀಲರ ಫೀಸಾಗುತ್ತದೆ. ಈ ನೋವು ನಮಗೆಲ್ಲ ಗೊತ್ತು, ಹೆಸರು ಹೇಳಿ ಬಗೆಯುವುದು ಬೇಡ. ಒಂದನ್ನು ಮಾತ್ರ ನೆನಪಿಸುತ್ತೇನೆ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಸೇವಕರು ಒಂದಾಗುವ ಮಾತೆತ್ತಿದರು. ಮುಂದಾಳುಗಳಲ್ಲಿ ಒಬ್ಬರು ದೋರ್ನಕಲ್ಲಿನ ಬಿಷಪ್ ಅಜರಯ್ಯ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಇಪ್ಪತ್ತೆಂಟು ವರ್ಷ ಮಾತುಕತೆ. ಅಜರಯ್ಯನವರು ಅದನ್ನು ನೋಡಲಿಲ್ಲ, 1945ರ ಜನವರಿ 1ರಂದೇ ತೀರಿಕೊಂಡಿದ್ದರು. ತಾನು ಉಣ್ಣದ ಹಣ್ಣಿಗೆ ನೀರೆರೆದವರು ಅವರು. ನಾವು ಮೂರು ವರ್ಷದ ಅವಧಿಯ ಒಂದು ಖುರ್ಚಿಗೆ ಅಣ್ಣತಮ್ಮಂದಿರ ಮಾತು ಬಿಡುತ್ತೇವೆ.

ಈಗ ಹೇಳುವುದು ನನಗೆ ಕಷ್ಟದ ಮಾತು. ಪರಿಶುದ್ಧ ಭೋಜನದಲ್ಲಿ ಎಲ್ಲರೂ ದ್ರಾಕ್ಷಾರಸ ಕುಡಿಯುವ ಪಾತ್ರೆ ಒಂದೇ, ಆದರೆ ಅದರ ಮುಂದೆ ಯಾರು ಮೊದಲು ಬರುತ್ತಾರೆ ಎಂಬುದಕ್ಕೆ ನಮ್ಮಲ್ಲಿ ಬರೆಯದ ಒಂದು ನಿಯಮವಿದೆ. ಒಂದು ಸಭೆಯಲ್ಲಿ ಮುಂದಿನ ಬೆಂಚಿನ ಕೆಲವು ಮನೆಯವರು ಬೇಗ ಬೇಗ ಎದ್ದು ಬರುವುದನ್ನು ಗಮನಿಸಿದೆ. ಹಿಂದೆ ಚಾಪೆಯ ಮೇಲೆ ಕೂತವರ ತುಟಿ ತಾಗುವ ಮುಂಚೆ ತಾವು ಕುಡಿದು ಹೋಗಬೇಕು. ಯಾವ ಕೇರಿಯವರು ಬೆಂಚಿನ ಮೇಲೆ, ಯಾವ ಕೇರಿಯವರು ಚಾಪೆಯ ಮೇಲೆ ಎಂದು ನಾನು ಹೇಳಬೇಕಾಗಿಲ್ಲ. ರಾಷ್ಟ್ರಪತಿಗಳ 1950ರ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಜಾಗವಿಲ್ಲ, ಕ್ರೈಸ್ತರಲ್ಲಿ ಜಾತಿಯಿಲ್ಲವಲ್ಲ ಎನ್ನುತ್ತಾರೆ. ಆ ಮಾತು ನಮ್ಮ ಪಾತ್ರೆಯ ಮುಂದೆಯೇ ಸುಳ್ಳಾಗುತ್ತಿದ್ದರೆ ನಾವು ಯಾರನ್ನು ದೂರೋಣ? ಪೌಲನ ಕಾಲದ ಕೊರಿಂಥ ಸಭೆಯಲ್ಲಿಯೂ ಹೀಗೇ ಆಗಿತ್ತು. ಒಬ್ಬನು ಹಸಿದಿರುವಾಗ ಇನ್ನೊಬ್ಬನು ಕುಡಿದು ಮತ್ತನಾಗಿದ್ದ. ಇದು ಕರ್ತನ ಭೋಜನವೇ ಅಲ್ಲ ಎಂದು ಪೌಲನು ಬರೆದ.

ಆರು ತಿಂಗಳು ಹಿರಿಯರೊಂದಿಗೆ ಮಾತಾಡಿ, ಒಂದು ಭಾನುವಾರ ಸಾಲು ತಿರುಗಿಸಿದೆವು. ಹಿಂದಿನ ಚಾಪೆಯವರು ಮೊದಲು, ಮುಂದಿನ ಬೆಂಚಿನವರು ಕೊನೆಗೆ. ಮೊದಲು ಎದ್ದು ಬಂದವರು ಒಬ್ಬ ಚಪ್ಪಲಿ ಹೊಲಿಯುವ ಹಿರಿಯರು. ಅವರ ಕೈ ನಡುಗುತ್ತಿತ್ತು, ಪಾತ್ರೆಯನ್ನು ನಾನೂ ಹಿಡಿದುಕೊಂಡೆ. ಅವತ್ತು ನಾಲ್ಕು ಮನೆಯವರು ಬೆಂಚು ಬಿಟ್ಟು ಏಳಲಿಲ್ಲ. ಎರಡು ಮನೆಯವರು ಸಭೆಗೆ ಬರುವುದನ್ನೇ ಬಿಟ್ಟರು. ಕಾಣಿಕೆ ಇಳಿಯಿತು, ಹಾಜರಿ ಇಳಿಯಿತು, ವರದಿಯಲ್ಲಿ ಇಳಿದ ಸಂಖ್ಯೆಯನ್ನೇ ಬರೆದೆ. ಏನಾಯಿತು ಎಂದು ಮೇಲಿನವರು ಕೇಳಿದರು, ಆದದ್ದನ್ನು ಹೇಳಿದೆ. ಎಂಟು ತಿಂಗಳಿಗೆ ಒಂದು ಮನೆಯವರು ಮರಳಿ ಬಂದರು. ಇನ್ನೊಂದು ಮನೆಯವರು ಇವತ್ತಿಗೂ ಬಂದಿಲ್ಲ. ಅವರ ಬಾಗಿಲಿಗೆ ನಾನು ಎಷ್ಟು ಸಲ ಹೋದೆನೋ, ಅವರು ಕಾಫಿ ಕೊಟ್ಟು ಕಳಿಸಿದರು, ಮಾತು ಕೊಡಲಿಲ್ಲ. ಅವರನ್ನೂ ನಾನು ಬಾರದವರ ಲೆಕ್ಕದಲ್ಲೇ ಇಟ್ಟಿದ್ದೇನೆ, ಕಳೆದವರ ಲೆಕ್ಕದಲ್ಲಿ ಅಲ್ಲ. ಆದರೂ ನನ್ನ ಮೂವತ್ತು ವರ್ಷಗಳ ಸೇವೆಯಲ್ಲಿ ಯಾವ ಸಭೆ ಯಾವ ವರ್ಷ ಹೆಚ್ಚು ಬೆಳೆಯಿತು ಎಂದು ಕೇಳಿದರೆ, ಸಂಖ್ಯೆ ಇಳಿದ ಆ ವರ್ಷವನ್ನೇ ತೋರಿಸುತ್ತೇನೆ.

ಊರವರ ಬಗ್ಗೆ ಒಂದೇ ಮಾತು. ಮೊದಲ ಸಭೆಯವರು ಎಲ್ಲ ಜನರ ದಯೆಗೆ ಪಾತ್ರರಾಗಿದ್ದರು ಎಂದು ಬರೆದಿದೆ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುವಾಗ ನಮ್ಮ ಧ್ವನಿವರ್ಧಕ ರಾತ್ರಿ ಹತ್ತರ ತನಕ ಕೂಗುತ್ತಿದ್ದರೆ ಆ ದಯೆ ಉಳಿಯುವುದಿಲ್ಲ. ಅವರ ಮನೆಯ ಸಾವಿಗೆ ನಾವು ಹೋಗಿ ಹೆಗಲು ಕೊಟ್ಟಿದ್ದೇವೋ, ಅವರ ಮದುವೆಗೆ ನಮ್ಮ ಸಭೆಯ ಪಾತ್ರೆಪಡಗ ಕೊಟ್ಟಿದ್ದೇವೋ ಎಂಬುದನ್ನು ಯಾವ ವರದಿಯೂ ಕೇಳುವುದಿಲ್ಲ. ನೀವು ಕೇಳಿಕೊಳ್ಳಿ.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳಿಗೆ ಸಮಯವಿತ್ತು. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಬಟ್ಟೆ ಸುತ್ತಿದ ಬೈಬಲ್ಲು. "ನಮ್ಮದು ಹನ್ನೊಂದು ಮನೆ ಸಭೆ ಅಯ್ಯನವರೇ. ಹುಡುಗರೆಲ್ಲ ಬೆಂಗಳೂರು ಸೇರಿದಾರೆ. ಇರೋರೆಲ್ಲ ಅರವತ್ತು ದಾಟಿದವರು. ನೀವು ಹೇಳಿದ್ದೆಲ್ಲ ಸರಿ, ನಾವು ಇನ್ನು ಬೆಳೆಯೋದುಂಟಾ?"

ಸುಳ್ಳು ಸಮಾಧಾನ ಹೇಳುವುದು ನನಗೆ ಬೇಕಿರಲಿಲ್ಲ. ನಿಮ್ಮಲ್ಲಿ ಯಾರಾದರೂ ಒಂದು ವಾರ ಬರದಿದ್ದರೆ ಗೊತ್ತಾಗುತ್ತದೆಯೇ ಎಂದು ಕೇಳಿದೆ.

ಅವರು ಸ್ವಲ್ಪ ಯೋಚಿಸಿ ಹೇಳಿದರು: "ಒಂದು ವಾರ ಯಾಕೆ ಅಯ್ಯಾ, ಬೆಳಿಗ್ಗೆ ಒಲೆ ಹೊಗೆ ಕಾಣದಿದ್ರೆ ಹೋಗಿ ಬಾಗಿಲು ಬಡೀತೀವಿ. ಕೆಂಪು ಮಾತ್ರೆ ಯಾರದು, ಬಿಳಿ ಮಾತ್ರೆ ಯಾರದು ಅಂತ ಎಲ್ಲರಿಗೂ ಎಲ್ಲರದೂ ಗೊತ್ತು. ಹೋದ ತಿಂಗಳು ಪಕ್ಕದ ಕೇರಿ ಒಬ್ಬಳು, ಗಂಡ ಬಿಟ್ಟು ಹೋದೋಳು, ಮಗು ಎತ್ಕೊಂಡು ಬಂದು ಹಿಂದೆ ಕೂತಿದ್ಲು. ನಮ್ಮೋಳಲ್ಲ. ಯಾಕೆ ಬಂದೆ ಅಂತ ನಾವೂ ಕೇಳಿಲ್ಲ. ಮನೆಯವಳು ಊಟಕ್ಕೆ ಕರಕೊಂಡು ಹೋದಳು."

"ಮತ್ತೆ ಬಂದಳಾ?"

"ನಾಲ್ಕು ವಾರವೂ ಬಂದಿದಾಳೆ."

ನಾನು ಡೈರಿ ತೆಗೆದು ಅವರ ಊರಿನ ಹೆಸರು ಬರೆದುಕೊಂಡೆ. ಮುಂದಿನ ತಿಂಗಳ ಎರಡನೇ ಭಾನುವಾರ ಬರುತ್ತೇನೆ ಎಂದೆ. ಪ್ರಸಂಗಕ್ಕೆ ಯಾವ ವಾಕ್ಯ ಎಂದು ಅವರು ಕೇಳಿದರು. ಪ್ರಸಂಗ ನೀವೇ ಮಾಡಿ, ನಾನು ಆ ತಾಯಿ ಮಗುವಿನ ಹತ್ತಿರ ಚಾಪೆಯ ಮೇಲೆ ಕೂತು ಕೇಳುತ್ತೇನೆ ಎಂದೆ.